ಕಲ್ಲಿಗೆ ಬಂದ ನೆಂಟರು

ಕಲ್ಲಚ್ಚಿನ ಅಂಗಡಿಯಲ್ಲಿ ಚಿತ್ರ ಬರೆಯುವವನಿಗೆ ಒಂದು ಪಾಲು ಮರ್ಯಾದೆ, ಅಚ್ಚು ಹಾಕುವವನಿಗೆ ಅರ್ಧ ಪಾಲು, ಮಾರುವವನಿಗೆ ಉಳಿದದ್ದೆಲ್ಲ. ಅಳಿಸುವವಳಿಗೆ ಏನೂ ಉಳಿಯುತ್ತಿರಲಿಲ್ಲ. ಆದರೆ ಅಂಗಡಿ ನಿಂತಿದ್ದದ್ದೇ ಅಳಿಸುವ ಕೆಲಸದ ಮೇಲೆ.

ಕಾರಣ ಇಷ್ಟೇ. ಅಚ್ಚಿನ ಕಲ್ಲು ಹಡಗೇರಿ ಪರದೇಶದಿಂದ ಬರಬೇಕು. ಕೆನೆಬಣ್ಣದ, ನುಣುಪಾದ, ಇಬ್ಬರು ಹಿಡಿದೆತ್ತಿದರೂ ಸೊಂಟ ಲೆಕ್ಕ ಕೇಳುವಂಥ ಕಲ್ಲು. ಅಷ್ಟು ದುಬಾರಿ ಕಲ್ಲಿನ ಮೇಲೆ ಒಂದೇ ಚಿತ್ರ ಬರೆದು ಇಟ್ಟುಕೊಂಡರೆ ಅಂಗಡಿಯವನು ಕೊನೆಗೆ ಅದನ್ನೇ ತಲೆದಿಂಬು ಮಾಡಿಕೊಂಡು ಬೀದಿಯಲ್ಲಿ ಮಲಗಬೇಕಾದೀತು. ಆದ್ದರಿಂದ ಇವತ್ತು ಕೆಮ್ಮಿನ ಔಷಧಿಯ ಚಿತ್ರ. ಅಚ್ಚು ಮುಗಿದ ಮೇಲೆ ಅದನ್ನು ಉಜ್ಜಿ ಅಳಿಸಿ, ಅದೇ ಕಲ್ಲಿನ ಮೇಲೆ ನಾಟಕದ ರಾಜ. ರಾಜನನ್ನೂ ಉಜ್ಜಿ ಕಳಿಸಿ, ಬೀಗದ ಕಂಪನಿಯ ಸಿಂಹ. ಹೀಗೆ ರಾಜ, ಸಿಂಹ, ಕೆಮ್ಮು ಮೂವರನ್ನೂ ಒಂದೇ ಮರಳಿನಲ್ಲಿ ತಿಕ್ಕಿ ತೊಳೆದವಳು ಉಜ್ಜಕ್ಕ.

ಅವಳ ಅಪ್ಪ ಆ ಅಂಗಡಿಯಲ್ಲಿ ಕಲ್ಲುಜ್ಜುತ್ತಿದ್ದ. ಅವನ ತೋಳು ಸೋತಾಗ ಹಿತ್ತಿಲಿನ ಕಲ್ಲುಜ್ಜುವ ತೊಟ್ಟಿ ಮಗಳ ಪಾಲಿಗೆ ಬಂತು. ಆಸ್ತಿ ಹಂಚಿಕೆಯಲ್ಲಿ ತಮ್ಮನಿಗೆ ಅಪ್ಪನ ಮೂಗು, ಅಕ್ಕನಿಗೆ ಅಪ್ಪನ ತೊಟ್ಟಿ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಗಂಡ ಬಂದರಿನಿಂದ ಕಲ್ಲು ತರುವ ಗಾಡಿಯವನು. ಕಲ್ಲು ಇಳಿಸಲು ಬರುತ್ತ ಬರುತ್ತ ಒಂದು ದಿನ ಉಜ್ಜುವವಳನ್ನೇ ಹತ್ತಿಸಿಕೊಂಡು ಹೋದ. ಅವನು ತೀರಿಕೊಂಡು ಎಷ್ಟೋ ಕಾಲವಾಗಿತ್ತು. ತಮ್ಮನನ್ನು ಬೆಳೆಸಿದವಳೂ ಅವಳೇ. ಅವನು ತೊಟ್ಟಿಯ ಪಕ್ಕ ಕೂತು ಒದ್ದೆ ಮರಳಿನ ಮೇಲೆ ಬೆರಳಿನಲ್ಲಿ ಬೆಕ್ಕು, ನಾಯಿ, ಯಜಮಾನರ ಹೊಟ್ಟೆ ಬರೆಯುತ್ತಿದ್ದ. ಒಂದು ದಿನ ಅವನ ಕಿವಿ ಹಿಡಿದುಕೊಂಡು ಹೋಗಿ ಹಳೇ ಯಜಮಾನರ ಮುಂದೆ ನಿಲ್ಲಿಸಿ, "ಇವನನ್ನ ಒಳಗೆ ಕೂರಿಸ್ಕೊಳ್ಳಿ, ಹೊರಗಿದ್ರೆ ನನ್ನ ಮರಳು ಕೆಡಿಸ್ತಾನೆ" ಎಂದಿದ್ದಳು. ಈಗ ಅವನು ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತು ಕಲ್ಲಿನ ಮೇಲೆ ಬರೆಯುವ ಚಿತ್ರಗಾರ. ಅಂಗಡಿ ಈಗ ಹಳೇ ಯಜಮಾನರ ಮಗನ ಕೈಯಲ್ಲಿ. ಈತನನ್ನು ಉಜ್ಜಕ್ಕ ತೊಟ್ಟಿಲಲ್ಲಿ ನೋಡಿದವಳು. ಆದರೂ 'ಯಜಮಾನ್ರೇ' ಎಂದೇ ಕರೆಯುತ್ತಿದ್ದಳು. ಸಂಬಳ ಕೊಡುವವರನ್ನು ತೊಟ್ಟಿಲಿನಿಂದ ಹೊರಗೆ ತೆಗೆದು ನೋಡುವುದು ಒಳ್ಳೆಯದು ಎಂಬುದು ಅವಳ ಅಭಿಪ್ರಾಯ.

ಉಜ್ಜುವುದೆಂದರೆ ಪಾತ್ರೆ ತಿಕ್ಕಿದ ಹಾಗಲ್ಲ. ಕಲ್ಲಿನ ಮೇಲೆ ಚಿತ್ರ ಬರೆಯುವುದು ಜಿಡ್ಡಿನ ಬಳಪದಲ್ಲಿ. ಮೇಲೆ ಗೋಂದು ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಸಿಯ ಉರುಳೆ ಓಡಿಸಿದರೆ ಜಿಡ್ಡಿದ್ದಲ್ಲಿ ಮಸಿ ಹಿಡಿಯುತ್ತದೆ, ನೀರಿದ್ದಲ್ಲಿ ಹಿಡಿಯುವುದಿಲ್ಲ. ಎಣ್ಣೆ-ಸೀಗೆಕಾಯಿಯ ಜಗಳದಲ್ಲಿ ಹೊಟ್ಟೆ ಹೊರೆಯುವ ಕಸುಬು ಅದು. ಆದರೆ ಜಿಡ್ಡು ಮೇಲೆ ಮಾತ್ರ ಕೂರುವುದಿಲ್ಲ, ಕಲ್ಲಿನೊಳಕ್ಕೆ ಇಳಿಯುತ್ತದೆ. ಚಿತ್ರ ಕಲ್ಲಿನ ಮೇಲೆ ಎಷ್ಟು ಕಾಲ ಇತ್ತೋ ಅಷ್ಟು ಆಳ. ಮೇಲುಮೇಲೆ ಉಜ್ಜಿ ಬಿಟ್ಟರೆ ಕಣ್ಣಿಗೆ ಕಲ್ಲು ಬಿಳಿ. ಹೊಸ ಚಿತ್ರ ಬರೆದು ಅಚ್ಚಿಗೆ ಏರಿಸಿದಾಗ ಸಿಂಹದ ಹೊಟ್ಟೆಯಲ್ಲಿ ಹಳೇ ರಾಜನ ಮೀಸೆ! ಇದಕ್ಕೆ ಅಂಗಡಿಯಲ್ಲಿ 'ನೆಂಟರು ಬಂದರು' ಅನ್ನುತ್ತಿದ್ದರು. ಕರೆಯದೆ ಬರುವವರು, ಬಂದರೆ ಹೋಗದವರು ಎಂಬ ಅರ್ಥದಲ್ಲಿ.

"ನನ್ನ ಕಲ್ಲಿಗೆ ನೆಂಟರು ಬರಲ್ಲ" ಎನ್ನುವುದು ಉಜ್ಜಕ್ಕನ ಮಾತು. ಅದು ಜಂಬವಲ್ಲ; ಅವಳ ಬಂಡವಾಳವೇ ಅದು. ಚಿತ್ರಗಾರನಿಗೆ ತೋರಿಸಲು ಚಿತ್ರವಿದೆ. ಅಳಿಸುವವಳು ಏನು ತೋರಿಸಬೇಕು? ಏನೂ ಇಲ್ಲದಿರುವುದನ್ನೇ ತೋರಿಸಬೇಕು.

ಆ ಬೇಸಿಗೆಯಲ್ಲಿ ಸಾಬೂನಿನ ಸಾಹುಕಾರ ಅಂಗಡಿಗೆ ಬಂದ. ದೊಡ್ಡ ದೇಹ, ಸಣ್ಣ ಸಹನೆ. ಊರಿನ ಗೋಡೆಗಳಿಗೆಲ್ಲ ಅಂಟಿಸುವಂಥ ಜಾಹೀರಾತು ಬೇಕು: ಉದ್ದ ಕೂದಲಿನ ಹುಡುಗಿ, ಕೈಯಲ್ಲಿ ಸಾಬೂನು, ಮುಖದಲ್ಲಿ ಕಾಂತಿ.

"ಎಷ್ಟು ದೊಡ್ಡದು ಸಾಹುಕಾರ್ರೇ?" ಎಂದರು ಯಜಮಾನರು.

"ದೂರದಿಂದ ನೋಡಿದವನಿಗೂ ತನ್ನ ಮುಖ ಕೊಳೆ ಅನ್ನಿಸಬೇಕು. ಅಷ್ಟು ದೊಡ್ಡದು."

ಅಷ್ಟು ದೊಡ್ಡ ಕಲ್ಲು ಅಂಗಡಿಯಲ್ಲಿ ಇದ್ದದ್ದು ಒಂದೇ. ಅದರಲ್ಲಿ ಬಿರುಕಿದೆ ಎಂದು ಚಿತ್ರಗಾರ ತಿಂಗಳುಗಳ ಹಿಂದೆಯೇ ಹೇಳಿದ್ದ. ಯಜಮಾನರು ಅವನನ್ನು ನಂಬಿ ಬೇರೆ ಕಲ್ಲಿಗೆ ಮುಂಗಡ ಕಳಿಸಿದ್ದರು. ಆ ಕಲ್ಲು ಇನ್ನೂ ಸಮುದ್ರದ ಮೇಲೆ ಗಾಳಿ ಸೇವಿಸುತ್ತಿತ್ತು. ಗಿರಾಕಿಯನ್ನು ಬಿಡಲಾಗದೆ, ಬಿರುಕು ಸಣ್ಣದಿದ್ದರೆ ಹೇಗೋ ನಡೆಸೋಣ ಎಂದುಕೊಂಡು ಯಜಮಾನರು ತಾವೇ ಗೋದಾಮಿನ ಮೂಲೆಗೆ ನುಗ್ಗಿದರು. ಕಲ್ಲು ಗೋಡೆಗೆ ಮುಖ ಮಾಡಿ ನಿಂತಿತ್ತು. ತಿರುಗಿಸಿದರೆ ಬಿರುಕಿಲ್ಲ, ಬದಲಿಗೆ ಯಾರೋ ವಯಸ್ಸಾದ ಹೆಂಗಸಿನ ಚಿತ್ರ!

"ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ" ಎಂದು ಗೊಣಗಿದರು ಯಜಮಾನರು. ಚಿತ್ರಗಾರ ಆಗ ಅಂಗಡಿಯಲ್ಲಿರಲಿಲ್ಲ. ಹುಡುಗಿಯ ನಕ್ಷೆ ಒಪ್ಪಿಸಲು ಸಾಹುಕಾರನ ಹಿಂದೆ ಹೋಗಿದ್ದ. ಯಜಮಾನರು ಅಚ್ಚಿನ ಯಂತ್ರ ತಿರುಗಿಸುವ ಚಕ್ರದಣ್ಣನ ಜೊತೆ ಸೇರಿ ಕಲ್ಲನ್ನು ಹೊತ್ತು ತಂದು ತೊಟ್ಟಿಯ ಮೇಲೆ ಮಲಗಿಸಿದರು. "ಉಜ್ಜಕ್ಕಾ, ಈ ಅಜ್ಜಿಗೆ ಗಿರಾಕಿ ಇಲ್ಲ. ಅಳಿಸು." ಗಿರಾಕಿ ಇಲ್ಲದ ಚಿತ್ರಕ್ಕೆ ಕಾಗದ ಇಲ್ಲ ಎನ್ನುವುದು ಅವರ ಅಪ್ಪನ ಕಾಲದಿಂದ ಆ ಅಂಗಡಿಯ ಕಾನೂನು.

ಇಬ್ಬರೂ ಒಳಗೆ ಹೋದರು. ಉಜ್ಜಕ್ಕ ಮರಳಿನ ಡಬ್ಬಕ್ಕೆ ಕೈ ಹಾಕಿ, ಕಲ್ಲಿನ ಕಡೆ ನೋಡಿದವಳು, ಕೈಯನ್ನು ಅಲ್ಲೇ ಬಿಟ್ಟಳು.

ಕಲ್ಲಿನ ಮೇಲಿದ್ದವಳು ಅವಳೇ.

ಯಜಮಾನರಿಗೆ ಗುರುತು ಸಿಗಲಿಲ್ಲ, ಚಕ್ರದಣ್ಣನಿಗೂ ಸಿಗಲಿಲ್ಲ. ಅವರ ತಪ್ಪಲ್ಲ. ಕಲ್ಲಿನ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಬರೆಯಬೇಕು. ಕಾಗದಕ್ಕೆ ಬಂದಾಗ ಅದು ಸರಿಯಾಗುತ್ತದೆ. ತಿರುಗಿಸಿದ ಉಜ್ಜಕ್ಕನನ್ನು ಲೋಕದಲ್ಲಿ ಯಾರೂ ನೋಡಿರಲಿಲ್ಲ, ಒಬ್ಬಳ ಹೊರತು. ಬೆಳಿಗ್ಗೆ ಕನ್ನಡಿಯಲ್ಲಿ ಅವಳು ಕಾಣುತ್ತಿದ್ದದ್ದು ಇದೇ ಮುಖ. ಮಚ್ಚೆ ಇದೇ ಪಕ್ಕ, ಬೈತಲೆ ಓರೆಯಾಗುವುದು ಇದೇ ಪಕ್ಕಕ್ಕೆ. ಬಾಗಿ ಕೂತಿದ್ದಾಳೆ, ಕೈ ಕೆಳಗೆಲ್ಲೋ ಕೆಲಸದಲ್ಲಿದೆ, ಮುಖ ಅರ್ಧ ಎತ್ತಿ ಯಾರನ್ನೋ ಬೈಯಲು ಬಾಯಿ ತೆರೆಯುವ ಮುಂಚಿನ ಗಳಿಗೆ. ಕೆನ್ನೆಯ ಸುಕ್ಕೊಂದೊಂದನ್ನೂ ತಮ್ಮ ಬಿಡದೆ ಬರೆದಿದ್ದ. 'ಹಾಳಾದವನು, ಒಂದೆರಡು ಸುಕ್ಕು ಕಮ್ಮಿ ಮಾಡಿದ್ರೆ ಅವನ ಬಳಪ ಸವೆದು ಹೋಗ್ತಿತ್ತಾ' ಎಂದುಕೊಂಡಳು. ಆಮೇಲೆ ಸುತ್ತ ನೋಡಿದಳು. ಯಾರಾದರೂ ಗುರುತು ಹಿಡಿದರೆ ಸಾಯುವವರೆಗೂ ಚಕ್ರದಣ್ಣನ ತಮಾಷೆಗೆ ಮೇವಾಗಬೇಕು.

ಗೋಂದು ಹೊಸದಾಗಿ ಹೊಳೆಯುತ್ತಿತ್ತು. ಮೊನ್ನೆ ಮೊನ್ನೆ ಬರೆದಿದ್ದಾನೆ, ಜಿಡ್ಡು ಆಳಕ್ಕೆ ಇಳಿದಿರಲಾರದು ಎಂದು ಲೆಕ್ಕ ಹಾಕಿದಳು. ಆದರೂ ಹೊಸ ಚಿತ್ರಕ್ಕೆ ಬೇಕಾದುದಕ್ಕಿಂತ ಹೆಚ್ಚೇ ಉಜ್ಜಿದಳು. ಮರಳು ಚೆಲ್ಲಿ, ನೀರು ಚಿಮುಕಿಸಿ, ಸಣ್ಣ ಕಲ್ಲನ್ನು ದೊಡ್ಡದರ ಮೇಲೆ ಹಗ್ಗ ಹೊಸೆದ ಹಾಗೆ ಸುತ್ತಿ ಸುತ್ತಿ. ಮೊದಲು ಸೆರಗು ಹೋಯಿತು, ಆಮೇಲೆ ಕೈ, ಕೊನೆಗೆ ಮುಖ. ತನ್ನ ಮುಖವನ್ನು ತಾನೇ ತಿಕ್ಕುವುದು ದಿನವೂ ಮಾಡುವ ಕೆಲಸವೇ. ಇವತ್ತು ತಿಕ್ಕಿದ್ದು ಹೊರಟೇ ಹೋಯಿತು, ಅಷ್ಟೇ.

ಸಂಜೆ ತಮ್ಮ ಬಂದ. ತೊಟ್ಟಿಯ ಮೇಲೆ ಬಿಳಿ ಕಲ್ಲು ನೋಡಿ ಬಾಗಿಲಲ್ಲೇ ನಿಂತ.

"ಬಿರುಕು ಎಲ್ಲಯ್ಯಾ?" ಎಂದು ಒಳಗಿನಿಂದ ಯಜಮಾನರು ಕೂಗಿದರು.

"ಧೂಳಿನ ಗೆರೆ ಇರ್ಬೇಕು ಯಜಮಾನ್ರೇ, ಕಣ್ಣು ಮೋಸ ಮಾಡ್ತು" ಎಂದ. ಅಕ್ಕನ ಕಡೆ ನೋಡಿದ. ಅಕ್ಕ ಮರಳು ತೊಳೆಯುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದ, ಮಾತನ್ನು ನುಂಗಿಕೊಂಡ. ಉಜ್ಜಕ್ಕನಿಗೆ ಅದು ಕಂಡಿತು. ನಾಚಿಕೆ ಇರಬೇಕು ಎಂದುಕೊಂಡು ಮರಳು ತೊಳೆಯುತ್ತಲೇ ಇದ್ದಳು.

ಹುಡುಗಿಯ ಚಿತ್ರ ಕಲ್ಲಿಗೇರಿತು. ಯಜಮಾನರು ಕಾಗದ ತರಲು ಪಕ್ಕದ ಊರಿಗೆ ಹೋದ ದಿನ ಚಕ್ರದಣ್ಣ ಅಚ್ಚು ಹಾಕಲು ನಿಂತ. ಮೊದಲ ಹಾಳೆಗಳು ಚೊಕ್ಕ. ಆಮೇಲೆ ಹುಡುಗಿಯ ಭುಜದ ಹಿಂದೆ ಏನೋ ಮಸುಕು.

"ಏನಯ್ಯಾ ಇದು, ಹೊಗೆ?"

"ನೆರಳು ಬಿಡಣ್ಣ, ನಾಳೆ ಸಾಹುಕಾರ್ರು ಬರ್ತಾರೆ, ನೀನು ತಿರುಗಿಸು" ಎಂದ ಚಿತ್ರಗಾರ. ಅವನ ದನಿ ಯಾಕೋ ತೆಳ್ಳಗಿತ್ತು.

ಚಕ್ರದಣ್ಣ ತಿರುಗಿಸಿದ. ಅವನ ವೇದಾಂತ ಸರಳ: ಚಕ್ರ ತಿರುಗಿದರೆ ಕೂಲಿ, ನಿಂತರೆ ಪ್ರಶ್ನೆ. ಉರುಳೆ ಓಡಿದಷ್ಟೂ ಅಡಿಯ ಜಿಡ್ಡಿಗೆ ಮಸಿಯ ರುಚಿ ಹತ್ತಿತು. ಬಂದ ಹಾಳೆಯನ್ನು ಬಂದ ಕ್ರಮದಲ್ಲಿ, ಬೀದಿಬಾಗಿಲಿನಿಂದ ಹಿತ್ತಿಲ ಬಾಗಿಲಿನವರೆಗೆ ಹಗ್ಗಕ್ಕೆ ಏರಿಸುತ್ತ ಹೋದ.

ಮರುದಿನ ಬೆಳಿಗ್ಗೆ ಯಜಮಾನರು ಬೀದಿಬಾಗಿಲಿನಿಂದ ಒಳಗೆ ಬಂದು ಹಗ್ಗದ ಉದ್ದಕ್ಕೂ ನಡೆದರು. ಮೊದಲ ಹಾಳೆಯಲ್ಲಿ ಹುಡುಗಿ. ಮುಂದಿನವುಗಳಲ್ಲಿ ಹುಡುಗಿಯ ಹಿಂದೆ ಮಂಜು. ಮಂಜಿಗೆ ಮೂಗು ಬಂತು. ಮೂಗಿಗೆ ಕಣ್ಣು ಬಂತು. ಹೆಜ್ಜೆ ಹೆಜ್ಜೆಗೂ ಯಾರೋ ಹತ್ತಿರ ಹತ್ತಿರ ನಡೆದು ಬರುತ್ತಿದ್ದರು. ಹಿತ್ತಿಲ ಬಾಗಿಲಿಗೆ ಬರುವ ಹೊತ್ತಿಗೆ ಹುಡುಗಿಯ ಭುಜದ ಮೇಲಿನಿಂದ ವಯಸ್ಸಾದ ಹೆಂಗಸೊಬ್ಬಳು ಅವರನ್ನೇ ದಿಟ್ಟಿಸುತ್ತಿದ್ದಳು.

"ಅಯ್ಯೋ ಶಿವನೇ! ಇದು ಉಜ್ಜಕ್ಕ!" ಎಂದು ಚಕ್ರದಣ್ಣ ಕೂಗಿದ. ಕಾಗದದ ಮೇಲೆ ಮುಖ ಸರಿಯಾಗಿ ಬಿದ್ದಿತ್ತು. ಈಗ ಎಲ್ಲರಿಗೂ ಗುರುತು.

ಯಜಮಾನರು ಕೆಂಪಾದರು. "'ನನ್ನ ಕಲ್ಲಿಗೆ ನೆಂಟರು ಬರಲ್ಲ' ಅಂತಿದ್ದೆ. ನೀನೇ ಬಂದ್ಬಿಟ್ಯಲ್ಲ! ಊರವರ ಮುಖ ಆದ್ರೆ ಗಸಗಸ ಉಜ್ತೀಯ, ನಿನ್ನ ಮುಖಕ್ಕೆ ಬಂದಾಗ ಕೈ ಓಡ್ಲಿಲ್ಲ ಅಲ್ವಾ?"

"ಓಡ್ತು ಯಜಮಾನ್ರೇ. ಎಲ್ಲಾ ಕಲ್ಲಿಗಿಂತ ಜಾಸ್ತೀನೇ ಉಜ್ಜಿದೀನಿ."

"ಮತ್ತೆ ಇದೇನು? ಬೇಲಿಯೇ ಎದ್ದು ಹೊಲ ಮೇದ್ರೆ ಯಾರಿಗೆ ಹೇಳೋಣ? ನಾಳೆಯಿಂದ ನೀನು ತೊಟ್ಟಿ ಮುಟ್ಬೇಡ. ಒಳಗೆ ಕಾಗದ ಒಣಗಿಸು. ಉಜ್ಜೋದನ್ನ ಚಕ್ರದಣ್ಣ ನೋಡ್ಕೊಳ್ತಾನೆ."

ಉಜ್ಜಕ್ಕ ತಮ್ಮನ ಕಡೆ ನೋಡಿದಳು. ಚಿತ್ರ ಬರೆದವನು ನೀನು, ಒಂದು ಮಾತು ಹೇಳು ಎನ್ನುವಂತೆ. ತಮ್ಮ ಬಳಪ ಕೆರೆಯುವುದರಲ್ಲಿ ಮುಳುಗಿದ್ದ. ಆ ಬಳಪ ಆಗಲೇ ಸೂಜಿಯಷ್ಟು ಚೂಪಾಗಿತ್ತು.

ಆ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಗಾಡಿ ನಿಂತಿತು. ಸಾಬೂನಿನ ಸಾಹುಕಾರ ಸರಕು ತುಂಬಿಸಿಕೊಳ್ಳಲು ಆ ಕಡೆಯಿಂದಲೇ ಒಳಗೆ ಬಂದ. ಯಜಮಾನರ ಜೀವ ಬಾಯಿಗೆ ಬಂತು. ಸಾಹುಕಾರ ಕೊನೆಯ ಹಾಳೆಯ ಮುಂದೆ ನಿಂತ. ಮುದುಕಿ. ಒಂದು ಹೆಜ್ಜೆ ಮುಂದೆ ಇಟ್ಟ. ಮುದುಕಿ ಸ್ವಲ್ಪ ತೆಳುವಾದಳು. ಇನ್ನೊಂದು ಹೆಜ್ಜೆ. ಹೀಗೆ ಕೊನೆಯಿಂದ ಮೊದಲಿಗೆ ನಡೆಯುತ್ತ, ಬೀದಿಬಾಗಿಲು ಮುಟ್ಟುವ ಹೊತ್ತಿಗೆ ಮುದುಕಿ ಪೂರ್ತಿ ತೊಳೆದುಹೋಗಿ ಫಳಫಳಿಸುವ ಹುಡುಗಿಯೊಬ್ಬಳೇ ಉಳಿದಿದ್ದಳು.

ಸಾಹುಕಾರ ಚಪ್ಪಾಳೆ ತಟ್ಟಿದ. "ಎಲಾ ಕಳ್ಳ! ಸಾಬೂನು ಹಚ್ತಾ ಹೋದ ಹಾಗೆ ವಯಸ್ಸೇ ಜಾರಿ ಹೋಗುತ್ತೆ! ಇದು ಯಾರ ತಲೆ?"

ಯಜಮಾನರು ಗಳಿಗೆಯೂ ತಡಮಾಡಲಿಲ್ಲ. ನಷ್ಟ ಬಂದಾಗ ತಪ್ಪು ಯಾರದು ಎಂದು ಹುಡುಕುವವನು ಸಾಮಾನ್ಯ ವ್ಯಾಪಾರಿ. ಲಾಭವಾದಾಗ ಬುದ್ಧಿ ಯಾರದು ಎಂದು ಹುಡುಕುವುದಕ್ಕೂ ಬಿಡದವನು ಹುಟ್ಟು ವ್ಯಾಪಾರಿ. "ನಮ್ಮ ಅಂಗಡಿಯ ಹೊಸ ತಂತ್ರ ಸಾಹುಕಾರ್ರೇ. ಬೇರೆಯವರ ಕೈಲಿ ಆಗಲ್ಲ."

"ಮುದುಕಿ ಚಿತ್ರ ನಾನೇ ಬರೆದದ್ದು" ಎಂದು ಬಳಪ ಬಿಟ್ಟು ಎದ್ದು ಬಂದ ತಮ್ಮ.

"ಬಾರಪ್ಪಾ" ಎಂದಳು ಉಜ್ಜಕ್ಕ. "ಬೈಗುಳ ಬಂದಾಗ ಕಲ್ಲಿನ ಹಿಂದೆ, ಹೊಗಳಿಕೆ ಬಂದಾಗ ಕಲ್ಲಿನ ಮುಂದೆ. ಗೆದ್ದೆತ್ತಿನ ಬಾಲ ಹಿಡಿಯೋದು ಯಾರು ಕಲಿಸಿದ್ರೋ ನಿಂಗೆ? ನಾನಂತೂ ಕಲಿಸ್ಲಿಲ್ಲ."

ಸಾಹುಕಾರ ಹೋದ ಮೇಲೆ ತಮ್ಮನನ್ನು ಹಿತ್ತಿಲಿಗೆ ಕರೆದಳು. "ನಿಜ ಹೇಳು. ಯಾವಾಗ ಬರೆದೆ ಅದನ್ನ?"

"ಹೋದ ಮಳೆಗಾಲದಲ್ಲಿ, ಅಕ್ಕ."

"ಮಳೆಗಾಲ! ಗೋಂದು ಹೊಸದಿತ್ತಲ್ಲೋ!"

"ಆಗಾಗ ತೊಳೆದು ಹೊಸದಾಗಿ ಸವರ್ತಿದ್ದೆ, ಒಣಗಿ ಹಾಳಾಗ್ಬಾರ್ದು ಅಂತ. ನಿನ್ನ ಚಿತ್ರ ಒಂದು ಹಾಳೆ ಆದ್ರೂ ಅಚ್ಚು ಹಾಕಿ ನಿಂಗೆ ಕೊಡೋಣ ಅಂತಿದ್ದೆ. ಗಿರಾಕಿ ಇಲ್ದಿದ್ರೆ ಕಾಗದ ಮುಟ್ಟೋ ಹಾಗಿಲ್ವಲ್ಲ. ಕಲ್ಲು ಬೇರೆ ಕೆಲಸಕ್ಕೆ ಹೋಗ್ಬಾರ್ದು ಅಂತ ಬಿರುಕಿದೆ ಅಂದ್ಬಿಟ್ಟೆ."

ಉಜ್ಜಕ್ಕ ತೊಟ್ಟಿಯ ಅಂಚಿನ ಮೇಲೆ ಕೂತಳು. ಅಷ್ಟು ತಿಂಗಳು ಜಿಡ್ಡು ಕಲ್ಲಿನೊಳಕ್ಕೆ ಇಳಿಯುತ್ತಲೇ ಇತ್ತು. ಅವಳ ತೋಳು ತಪ್ಪಿರಲಿಲ್ಲ, ಲೆಕ್ಕ ತಪ್ಪಿತ್ತು. ಲೆಕ್ಕ ತಪ್ಪಿಸಿದವನು ಎದುರಿಗೇ ಇದ್ದ. "ಆವತ್ತು ಸಂಜೆ ಬಾಗಿಲಲ್ಲಿ ನಿಂತು ನುಂಗ್ಕೊಂಡ್ಯಲ್ಲ, ಅದು ಈ ಮಾತೇನೋ? 'ಅಕ್ಕ, ಇನ್ನೂ ಆಳಕ್ಕೆ ಉಜ್ಜು' ಅಂತ?"

ತಮ್ಮ ತಲೆ ತಗ್ಗಿಸಿದ.

"ಹೋಗಿ ಯಜಮಾನ್ರಿಗೆ ಹೇಳು."

"ಈಗ ಎಲ್ಲಾ ಒಳ್ಳೇದೇ ಆಯ್ತಲ್ಲಕ್ಕ. ಯಜಮಾನ್ರು ನಗ್ತಾ ಇದಾರೆ. ಯಾಕೆ ಕೆದಕೋದು?"

"ಅವ್ರು ನಗ್ತಾ ಇದಾರೆ, ನಾನು ಕಾಗದ ಒಣಗಿಸ್ತಾ ಇದೀನಿ" ಎಂದಳು ಉಜ್ಜಕ್ಕ.

ಅದು ನಿಜವೂ ಆಗಿತ್ತು. ಲಾಭ ಬಂದರೂ ಯಜಮಾನರು ತೀರ್ಪು ಬದಲಿಸಲಿಲ್ಲ. ಅವಳೇ ಹೋಗಿ ಕೇಳಿದಾಗ, "ತಪ್ಪೋ ಒಪ್ಪೋ, ನಿನ್ನ ಮುಖದ ಮೇಲೆ ನಿಂಗೆ ಆಸೆ ಇದ್ದದ್ದೇ ಒಳ್ಳೇದಾಯ್ತು ಬಿಡು" ಎಂದು ನಕ್ಕರು. ಬೈದಾಗ ಅಷ್ಟು ನೋಯದಿದ್ದದ್ದು ಈ ನಗುವಿನಿಂದ ನೋಯಿತು. ಮಾಡದ ತಪ್ಪಿಗೆ ಬೈಸಿಕೊಂಡರೆ ಒಂದು ದಿನದ ಸಿಟ್ಟು. ಮಾಡದ ತಪ್ಪಿಗೆ ಹೊಗಳಿಸಿಕೊಂಡರೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯುವುದಿಲ್ಲ. ತೊಟ್ಟಿಯಲ್ಲಿ ಚಕ್ರದಣ್ಣ ಉಜ್ಜುವ ಸದ್ದು ಕೇಳಿಸುತ್ತಿತ್ತು, ತುಂಬಾ ಬೇಗ ಬೇಗ, ನಡುವೆ ಶಾಪ ಹಾಕಿಕೊಂಡು. ಹಗ್ಗಕ್ಕೆ ಹಾಳೆ ಏರಿಸುತ್ತಿದ್ದ ಉಜ್ಜಕ್ಕನ ಕೈ ತಾನಾಗಿ ಗಾಳಿಯಲ್ಲಿ ಸುತ್ತುತ್ತಿತ್ತು, ಅವನನ್ನು ನಿಧಾನಿಸುವ ಹಾಗೆ.

ಮುಂದಿನದು ನಡೆದದ್ದು ಸಾಹುಕಾರನ ಗೋದಾಮಿನ ಗೋಡೆಯ ಮೇಲೆ. ಸಂತೆಬೀದಿಗೆ ಮುಖ ಮಾಡಿದ ಉದ್ದನೆಯ ಗೋಡೆ ಅದು. ಆಯ್ದ ಹಾಳೆಗಳನ್ನು ಸಾಲಾಗಿ ಅಂಟಿಸಬೇಕು, ಜನ ನಡೆಯುತ್ತ ನಡೆಯುತ್ತ ಮುದುಕಿ ಹುಡುಗಿಯಾಗಬೇಕು. ಅಂಟು ಹಚ್ಚುವುದರಲ್ಲಿ ಪಳಗಿದ ಕೈ ಎಂದು ಚಕ್ರದಣ್ಣನನ್ನೇ ಕಳಿಸಿದರು. "ಮುದುಕಿ ಎಡಕ್ಕೆ, ಹುಡುಗಿ ಬಲಕ್ಕೆ. ಮರೀಬೇಡ" ಎಂದು ಹೇಳಿಯೇ ಕಳಿಸಿದರು. ಅವನು ಮರೆಯಲಿಲ್ಲ. ಆದರೆ ಕಲ್ಲಚ್ಚಿನ ಅಂಗಡಿಯಲ್ಲಿ ಕೂದಲು ಹಣ್ಣಾದವನು ಅವನು. ಅಲ್ಲಿ ಗಿರಾಕಿ ಎಡ ಎಂದರೆ ಕಲ್ಲಿನ ಮೇಲೆ ಬಲ. ಯೋಚನೆಯನ್ನೇ ಮಾಡದೆ, ಜೀವಮಾನದ ಅಭ್ಯಾಸದಂತೆ, ಎಡಬಲವನ್ನು ತಿರುಗಿಸಿ ನೀಟಾಗಿ ಅಂಟಿಸಿ ಬಂದ.

ಬೆಳಿಗ್ಗೆ ಸಂತೆಗೆ ಹೋದವರು ಕಂಡದ್ದು: ಹುಡುಗಿಯೊಬ್ಬಳು ಸಾಬೂನು ಕೈಗೆತ್ತಿಕೊಳ್ಳುತ್ತಾಳೆ; ಹಚ್ಚಿಕೊಳ್ಳುತ್ತ ಹಚ್ಚಿಕೊಳ್ಳುತ್ತ ಗೋಡೆಯ ಕೊನೆಗೆ ಬರುವಷ್ಟರಲ್ಲಿ ಮುದುಕಿಯೊಬ್ಬಳು ಅವಳ ಹೆಗಲೇರಿರುತ್ತಾಳೆ. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅತ್ತೆಯೊಬ್ಬಳು ಸಾಹುಕಾರನ ಅಂಗಡಿಗೇ ಬಂದು, "ನನ್ನ ಸೊಸೆಗೆ ಒಂದು ಕೊಡಿ" ಎಂದು ಕೇಳಿದಳಂತೆ.

ಸಾಹುಕಾರ ಈ ಸಲ ಬೀದಿಬಾಗಿಲಿನಿಂದಲೇ ನುಗ್ಗಿದ. "ಮುದುಕಿ ಹೋಗ್ಬೇಕು! ಒಂದು ಕೂದಲೂ ಉಳೀಬಾರ್ದು! ಹೊಸದಾಗಿ ಅಚ್ಚು ಹಾಕಿ ಕೊಡಿ, ಇಲ್ಲ ಅಂದ್ರೆ ಈ ಬೀದೀಲಿ ನಿಮಗೆ ಇನ್ನೊಬ್ಬ ಗಿರಾಕಿ ಬರದ ಹಾಗೆ ಮಾಡ್ತೀನಿ."

ಹೊಸ ಕಲ್ಲು ಇನ್ನೂ ಹಡಗಿನಲ್ಲೇ ಇತ್ತು. ಇದನ್ನೇ ಉಜ್ಜಬೇಕು, ಇದರಲ್ಲೇ ಮತ್ತೆ ಹುಡುಗಿಯನ್ನು ಬರೆಯಬೇಕು. ಯಜಮಾನರು ಚಕ್ರದಣ್ಣನ ಕಡೆ ನೋಡಿದರು. ಅವನು ಎರಡೂ ಅಂಗೈ ಮುಂದೆ ಚಾಚಿದ. ಗುಳ್ಳೆಗಳು ಅವನ ಪರವಾಗಿ ಮಾತಾಡಿದವು. ಆಮೇಲೆ ಉಜ್ಜಕ್ಕನ ಕಡೆ ನೋಡಿದರು. ಅವಳು ಹಗ್ಗದ ಮೇಲಿನ ಹಾಳೆಯ ಮಡಿಕೆ ಬಿಡಿಸುವುದರಲ್ಲಿ ಮಗ್ನಳಾಗಿದ್ದಳು.

"ಉಜ್ಜಕ್ಕಾ, ಬಾ."

"ನನ್ನ ಕೈ ಓಡಲ್ವಂತೆ ಯಜಮಾನ್ರೇ."

"ಈಗ ಅದೆಲ್ಲ ಯಾಕೆ?"

"ಈಗ್ಲೇ ಯಾಕೆ ಅಂದ್ರೆ, ನಾಳೆ ನಿಮಗೆ ನಾನು ಬೇಕಾಗಿರಲ್ಲ. ಬೇಕಾದಾಗ್ಲೇ ಕೇಳ್ಬೇಕು. ನಾನು ನನ್ನ ಮುಖಕ್ಕೆ ಕೈ ತಡೆದೆ ಅಂದ್ರಿ. ತಡೀಲಿಲ್ಲ ಅಂತ ನಿಮ್ಮ ಬಾಯಲ್ಲಿ ಬರ್ಲಿ. ಆ ಚಿತ್ರ ಯಾವಾಗಿಂದು ಅಂತ ಬರೆದವನ ಬಾಯಲ್ಲಿ ಬರ್ಲಿ. ಆಮೇಲೆ ಮರಳಿಗೆ ಕೈ ಹಾಕ್ತೀನಿ."

ಹೇಳುತ್ತ ತಮ್ಮನ ಕಡೆ ನೋಡಲಿಲ್ಲ. ಅವನ ಪಾಲಿಗೆ ಅದೇ ಹೆಚ್ಚಾಯಿತು. ಮೇಜು ಬಿಟ್ಟು ಎದ್ದು ಬಂದು ಯಜಮಾನರ ಮುಂದೆ ನಿಂತ. "ಬಿರುಕು ಇರ್ಲಿಲ್ಲ ಯಜಮಾನ್ರೇ. ಮಳೆಗಾಲದಲ್ಲೇ ಬರೆದು ಮುಚ್ಚಿಟ್ಟಿದ್ದೆ. ಅಕ್ಕನಿಗೆ ಗೊತ್ತಿರ್ಲಿಲ್ಲ. ಉಜ್ಜೋಕೆ ಮುಂಚೆ ಹೇಳ್ಬೇಕಿತ್ತು, ಆಮೇಲಾದ್ರೂ ಹೇಳ್ಬೇಕಿತ್ತು. ಹೆದರ್ಕೊಂಡೆ."

"ಅಂದ್ರೆ ಆ ಹಡಗಿನಲ್ಲಿ ಬರ್ತಾ ಇರೋ ಕಲ್ಲು..." ಎಂದರು ಯಜಮಾನರು, ನೀರಿನಲ್ಲಿ ಏನೋ ಮುಳುಗುವುದನ್ನು ನೋಡುತ್ತಿರುವವರಂತೆ.

"ಮೊದ್ಲು ಮುದುಕಿ!" ಎಂದು ಸಾಹುಕಾರ ಗುಡುಗಿದ.

"ಅವನು ಹೇಳಿದ್ರೆ ಆಯ್ತಾ? ತಮ್ಮ ಅಕ್ಕನ ಪರ ಹೇಳ್ದೆ ಇನ್ನೇನು ಹೇಳ್ತಾನೆ?" ಎಂದರು ಯಜಮಾನರು. ಸೋಲುವಾಗಲೂ ಚೌಕಾಸಿ ಬಿಡದ ಕುಲ.

"ಹಾಗಾದ್ರೆ ಕಲ್ಲನ್ನೇ ಕೇಳಿ. ಎಲ್ರೂ ಹಿತ್ತಿಲಿಗೆ ಬನ್ನಿ" ಎಂದಳು ಉಜ್ಜಕ್ಕ.

ಕಲ್ಲು ತೊಟ್ಟಿಯ ಮೇಲೆ ಮಲಗಿತು. ಸಾಹುಕಾರ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತ, ಬಕೆಟ್ಟು ಕಿರುಗುಟ್ಟಿತು. ಉಜ್ಜಕ್ಕ ಮರಳು ಚೆಲ್ಲಿ ಶುರುಮಾಡಿದಳು. ಅವಸರವಿಲ್ಲ, ಆದರೆ ನಿಲ್ಲುವುದೂ ಇಲ್ಲ. ಸುತ್ತು, ಸುತ್ತು, ನೀರು, ಮರಳು, ಮತ್ತೆ ಸುತ್ತು. ಕೆಸರು ಹಾಲಿನಂತೆ ಅಂಚಿನಿಂದ ಇಳಿಯಿತು. ಸ್ವಲ್ಪ ಹೊತ್ತಿಗೆ ತೊಳೆದು ತೋರಿಸಿದಳು: ಹುಡುಗಿಯ ಕೂದಲು ಹೋಗಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಹುಡುಗಿ ಇಡಿಯಾಗಿ ಹೋದಳು. ಅವಳು ಬಂದು ಹೆಚ್ಚು ದಿನವಾಗಿರಲಿಲ್ಲ, ಬೇರು ಬಿಟ್ಟಿರಲಿಲ್ಲ. ಒದ್ದೆ ಕಲ್ಲಿನ ಮೇಲೆ ಉಳಿದದ್ದು ಒಬ್ಬಳೇ, ಕಂದು ನೆರಳಿನ ಹಾಗೆ, ಬಾಯಿ ತೆರೆಯಲು ಸಿದ್ಧಳಾಗಿ.

"ನೋಡಿ. ಮೇಲೆ ಬರೆದವಳು ಮೊದ್ಲು ಹೋದ್ಲು. ಕೆಳಗಿರೋಳು ಕೂತೇ ಇದಾಳೆ, ತಿಂಗಳುಗಟ್ಟಲೆ ಬೇರು ಬಿಟ್ಟೋಳು. ನಿಮಗೆ ಅನುಮಾನ ಇದ್ರೆ ನೀವೇ ಉಜ್ಜಿ ಯಜಮಾನ್ರೇ. ನಿಮ್ಮ ಕೈಗೆ ನನ್ನ ಮುಖದ ಮೇಲೆ ಏನೂ ಆಸೆ ಇರಲ್ವಲ್ಲ."

ಯಜಮಾನರು ಅಂಗಿಯ ತೋಳು ಮಡಚಿದರು. ಉಜ್ಜಿದರು. ಬೆವರಿದರು. ಕನ್ನಡಕ ಜಾರಿ ಕೆಸರಿಗೆ ಬಿತ್ತು. ತೊಳೆದು ನೋಡಿದರೆ ಮುದುಕಿ ಹಾಗೇ ಇದ್ದಳು. ಸ್ವಲ್ಪ ನಗುತ್ತಿದ್ದಳು ಎಂದು ಚಕ್ರದಣ್ಣ ಆಮೇಲೆ ಹೇಳಿಕೊಂಡು ತಿರುಗಿದ.

"ಆಯ್ತಮ್ಮ" ಎಂದರು ಯಜಮಾನರು, ಏದುಸಿರು ಬಿಡುತ್ತ. "ನೀನು ಕೈ ತಡೀಲಿಲ್ಲ. ನಂದೇ ತಪ್ಪು. ತೊಟ್ಟಿ ನಿಂದು. ಈಗ ಇವಳನ್ನ ಕಳಿಸು."

ಉಜ್ಜಕ್ಕ ಮರಳಿಗೆ ಕೈ ಹಾಕಲಿಲ್ಲ. "ಕಳಿಸೋಕೆ ಮುಂಚೆ ಒಂದು ಹಾಳೆ ಅಚ್ಚು ಹಾಕಿ."

"ಗಿರಾಕಿ ಇಲ್ಲದ ಚಿತ್ರಕ್ಕೆ..."

"ನಾನೇ ಗಿರಾಕಿ. ಸಂಬಳದಲ್ಲಿ ಹಿಡ್ಕೊಳ್ಳಿ."

ಚಕ್ರದಣ್ಣ ಕಲ್ಲಿಗೆ ಗೋಂದು ಸವರಿ, ಮಸಿ ಉರುಳಿಸಿ, ತೆಳ್ಳನೆಯ ಕಾಗದವೊಂದನ್ನು ಹಾಸಿ ಚಕ್ರ ತಿರುಗಿಸಿದ. ತಮ್ಮ ಎರಡು ತುದಿ ಹಿಡಿದು ಹಾಳೆ ಎತ್ತಿ ಅಕ್ಕನ ಮುಂದೆ ಹಿಡಿದ. 

ಹಗ್ಗದ ಮೇಲೆ ಹುಡುಗಿಯ ಹಿಂದೆ ಮಸುಕಾಗಿದ್ದವಳನ್ನು ಉಜ್ಜಕ್ಕ ಹೀಗೆ ಎದುರಿಗೆ ಹಿಡಿದು ನೋಡಿರಲಿಲ್ಲ; ಈಗ ನೋಡಿದಳು. ತಲೆ ಈ ಕಡೆ ವಾಲಿಸಿ ನೋಡಿದಳು, ಆ ಕಡೆ ವಾಲಿಸಿ ನೋಡಿದಳು. ಮಚ್ಚೆ ಕನ್ನಡಿಯಲ್ಲಿ ಕಾಣುವ ಪಕ್ಕ ಬಿಟ್ಟು ಇನ್ನೊಂದು ಪಕ್ಕದಲ್ಲಿತ್ತು. ಬಾಯಿ ಸೊಟ್ಟ. ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದು, ಏನೋ ಲೆಕ್ಕ ಹಾಕುವಂಥದು.

"ಇವಳು ಯಾರೋ?"

"ನೀನೇ ಅಕ್ಕ!"

"ಅದೇ ಉಜ್ಜಕ್ಕ, ಎರಕ ಹೊಯ್ದ ಹಾಗಿದೆ" ಎಂದ ಚಕ್ರದಣ್ಣ. ಯಜಮಾನರೂ ಹೌದೆಂದು ತಲೆ ಆಡಿಸಿದರು. ಅವಳನ್ನು ಒಂದೆರಡು ಸಲ ನೋಡಿದ್ದ ಸಾಹುಕಾರನೂ ಆಡಿಸಿದ.

"ಇಷ್ಟು ದಿನ ನೀವೆಲ್ಲ ನೋಡ್ತಾ ಇದ್ದದ್ದು ಇವಳನ್ನಾ?" ಉಜ್ಜಕ್ಕ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. "ಪಾಪ. ಹೇಗೆ ಏಗಿದ್ರಪ್ಪ ಇವಳ ಜೊತೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ತೊಟ್ಟಿಗೆ ತಂದಿಟ್ಟ ಕಲ್ಲಿನ ಕಡೆ ತಿರುಗಿದಳು. ಅವಳಿಗೆ ಗೊತ್ತಿದ್ದವಳು ಅಲ್ಲಿದ್ದಳು, ದಿನವೂ ಬೆಳಿಗ್ಗೆ ಎದ್ದೊಡನೆ ಸಿಗುತ್ತಿದ್ದವಳು. ಹೊಸ ಮರಳು, ಸಣ್ಣ ಮರಳು ತೆಗೆದುಕೊಂಡಳು. ಈ ಸಲ ಮುಖದಿಂದಲೇ ಶುರುಮಾಡಿದಳು. ನೆಂಟರು ತಾವಾಗಿ ಎದ್ದು ಹೋಗುವುದಿಲ್ಲ. ಬಾಗಿಲವರೆಗೆ ಜೊತೆಗೆ ಹೋಗಿ ಕಳಿಸಿ ಬರಬೇಕು. ಸಾಹುಕಾರ ಕಾದು ಕಾದು ಮನೆಗೆ ಹೋದ. ಬಿಸಿಲು ಗೋಡೆಯಿಂದ ಇಳಿದು ತೊಟ್ಟಿಯ ಕಾಲಿಗೆ ಬರುವ ಹೊತ್ತಿಗೆ ಅವಳು ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ಯಜಮಾನರನ್ನು ಕರೆದಳು. ಅವರು ಬಾಗಿ ನೋಡಿದರು. ಓರೆಯಾಗಿ ನೋಡಿದರು. ಉಗುರಿನಿಂದ ಕೆರೆದು ನೋಡಿದರು. ಏನೂ ಇರಲಿಲ್ಲ. ದೂರವಿದ್ದ ಮರಳಿನ ಡಬ್ಬವನ್ನು ಎತ್ತಿ ಅವಳ ಕೈಗೆ ಎಟುಕುವಲ್ಲಿ ಇಟ್ಟು ಒಳಗೆ ಹೋದರು.

ಹಾಳೆಯನ್ನು ಎಲ್ಲಿ ಹಾಕಲಿ ಎಂದು ತಮ್ಮ ಕೇಳಿದ. ಉಜ್ಜಕ್ಕ ಅದನ್ನು ತೆಗೆದುಕೊಂಡು ಹೋಗಿ ಬೀದಿಕಿಟಕಿಯ ಗಾಜಿಗೆ, ಚಿತ್ರ ಹೊರಗೆ ಮುಖ ಮಾಡುವಂತೆ ಅಂಟಿಸಿದಳು. ಕಾಗದ ತೆಳ್ಳಗಿತ್ತು. ಬೀದಿಯಲ್ಲಿ ಹೋಗುವವರಿಗೆ ಅವರ ಉಜ್ಜಕ್ಕ ಕಾಣುತ್ತಿದ್ದಳು. ಒಳಗಿನಿಂದ, ಬೆಳಕು ತೂರಿ ಬಂದಾಗ, ಮಚ್ಚೆ ತನ್ನ ಜಾಗಕ್ಕೆ ಬಂದು, ಬಾಯಿ ನೆಟ್ಟಗಾಗಿ, ಅವಳವಳು ಕಾಣುತ್ತಿದ್ದಳು. ಹಿತ್ತಿಲ ಬಾಗಿಲು ತೆರೆದಿದ್ದರೆ ತೊಟ್ಟಿಯಿಂದಲೂ ಕಾಣುತ್ತಿತ್ತು.

ಮುಂದಿನ ವಾರ ದಾರಿಹೋಕನೊಬ್ಬ ಕಿಟಕಿಯ ಮುಂದೆ ನಿಂತು, "ಈ ಚಿತ್ರ ಮಾರೋದಾ?" ಎಂದು ಕೇಳಿದ. ಯಜಮಾನರು ಎದ್ದರು. ಬಾಯಿ ತೆರೆದರು.

"ಅದು ಆಗ್ಲೇ ಹೋಗಿದೆ" ಎಂದಿತು ಹಿತ್ತಿಲಿನಿಂದ ಒಂದು ದನಿ, ಕಲ್ಲುಜ್ಜುವ ಸದ್ದು ನಿಲ್ಲಿಸದೆ. "ಗಿರಾಕಿ ವಾಪಸ್ ಕೊಡಲ್ವಂತೆ."